ಹೊಸ ಗೋಡೆಗೆ ಬಿರುಕು ಬರಿಸುವ ಕೈಪಿಡಿ

ಬೇಕಾಗುವ ಸಾಮಾನು: ಯಲಹಂಕದಲ್ಲೊಂದು ಥರ್ಟಿ-ಫಾರ್ಟಿ ಸೈಟು, ಮಾರ್ಚ್ ತಿಂಗಳ ಬಿಸಿಲು, ಆಗಲೇ ಅಚ್ಚಾಗಿ ಬಂದ ಗೃಹಪ್ರವೇಶದ ಕಾರ್ಡು.

ಹಂತ 1: ಇಟ್ಟಿಗೆಗೆ ನೀರು ತೋರಿಸದೆ ಗಾರೆ ಬಳಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡು ನಿಮ್ಮ ಅರ್ಧ ಕೆಲಸ ತಾನೇ ಮುಗಿಸುತ್ತದೆ.

ಹಂತ 2: ಮಾರನೆಯ ಬೆಳಿಗ್ಗೆ ಗೋಡೆ ಬೆಳ್ಳಗಾಗಿರುತ್ತದೆ. ‘ಒಣಗಿತು, ಅಂದ್ರೆ ಗಟ್ಟಿಯಾಯ್ತು’ ಎಂದು ನಂಬಿ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು ಎನ್ನುವ ಮೇಸ್ತ್ರಿಯನ್ನು ದೂರವಿಡಿ. ನೀರು ಸಿಕ್ಕರೆ ಸಿಮೆಂಟಿನ ಕಣಗಳ ಮೈಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು ಬೆಳೆದು, ಕಣದಿಂದ ಕಣಕ್ಕೆ ಹಬ್ಬಿ, ಸಂದಿಗಳನ್ನು ತುಂಬುತ್ತಾ ಹೋಗುತ್ತದೆ. ಗಾರೆಯೊಳಗಿನ ಸಾಪೇಕ್ಷ ಆರ್ದ್ರತೆ ಶೇ. 80ಕ್ಕಿಂತ ಕೆಳಗಿಳಿದರೆ ಈ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತುಂಬದೆ ಉಳಿದ ಸಂದಿಗಳು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಮುಂದಿನ ಮಳೆಗಾಲಕ್ಕೆ ದಾರಿ ಅದೇ.

ಹಂತ 3: ನೀರು ಹೊಡೆಯುವ ಕೆಲಸವನ್ನು ವಾಚ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿ, ಪೈಪು ಕೊಡಿಸಬೇಡಿ. ನಡುಮಧ್ಯಾಹ್ನ ಒಂದು ಸಲ ಎರಚಿದರೆ ಸಾಕು. ಕಾದು, ನೆನೆದು, ಮತ್ತೆ ಕಾದು, ಹಿಗ್ಗಿ ಕುಗ್ಗಿ ಗೋಡೆ ತಾನೇ ಕೂದಲೆಳೆಯಂಥ ರಂಗೋಲಿ ಬಿಡಿಸಿಕೊಳ್ಳುತ್ತದೆ.

ಹಂತ 4: ಗೋಡೆ ಗಟ್ಟಿ ಇದೆಯಾ ಎಂದು ಯಾರಾದರೂ ಕೇಳಿದರೆ ಸಿಮೆಂಟು ಚೀಲದ ಮೇಲಿನ ‘53 ಗ್ರೇಡ್’ ತೋರಿಸಿ. ಆ 53 ಬಂದದ್ದು ಪ್ರಯೋಗಾಲಯದಲ್ಲಿ, 27 ಡಿಗ್ರಿ ನೀರಿನಲ್ಲಿ ಮುಳುಗಿದ್ದು 28 ದಿನ ತುಂಬಿದ ಪುಟ್ಟ ಗಾರೆ ಘನಕ್ಕೆ ಎಂಬುದನ್ನು ಹೇಳಬೇಡಿ. ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಾದರೆ 10 ದಿನ ಕ್ಯೂರಿಂಗ್ (ತೇವ ಆರದಂತೆ ಕಾಯುವುದು) ಕೇಳುತ್ತದೆ ಎಂಬುದನ್ನಂತೂ ಬಾಯಿ ಬಿಡಲೇಬೇಡಿ.

ನೆಪ: ‘ನೀರೆಲ್ಲಿದೆ ಸಾರ್?’ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಲಿ.

ಎಚ್ಚರಿಕೆ: ಯಶವಂತಪುರ ಮಂಡಿ ಕಡೆ ಹೋದಾಗ ಹಳೇ ಗೋಣಿಚೀಲ ಕಂಡರೆ ಮುಖ ತಿರುಗಿಸಿ. ಅದನ್ನು ಒದ್ದೆ ಮಾಡಿ ಗೋಡೆಗೆ ಇಳಿಬಿಟ್ಟು, ಮೇಲೊಂದು ಪ್ಲಾಸ್ಟಿಕ್ ಹೊದಿಸಿದರೆ ಸ್ವಲ್ಪ ನೀರಿನಲ್ಲೇ ತೇವ ಉಳಿದುಬಿಡುತ್ತದೆ. ಸಂಸ್ಕರಿಸಿದ ಕೊಳಚೆ ನೀರೂ ಸಿಕ್ಕಿಬಿಟ್ಟರೆ ನೆಪವೂ ಹೋಯಿತು, ಬಿರುಕೂ ಹೋಯಿತು.

ಪರೀಕ್ಷೆ: ಗೃಹಪ್ರವೇಶದ ಬೆಳಿಗ್ಗೆ ದೇವರ ಫೋಟೋಗೆ ಮೊಳೆ ಹೊಡೆಯಿರಿ. ಅಂಗೈಯಗಲದ ಹೆಕ್ಕಳೆ ಸಮೇತ ಮೊಳೆ ಕೈಗೆ ಬಂದರೆ ನೀವು ಪಾಸು. ಫೋಟೋವನ್ನು ಸ್ಟೂಲಿನ ಮೇಲಿಟ್ಟು ಪೂಜೆ ಮುಗಿಸಿ.