ಕೊಸರು ಮೀಮಾಂಸೆ

ಸಂತೆಯ ಬಗ್ಗೆ ಬರೆದ ಪಂಡಿತರೆಲ್ಲ ಬೆಲೆಯ ಬಗ್ಗೆ ಬರೆದಿದ್ದಾರೆ. ಬೆಲೆ ಕೊಟ್ಟು ಮುಗಿದ ಮೇಲೆ ಚೀಲದ ಬಾಯಿಗೆ ಬೀಳುವ ಎರಡು ಹಸಿಮೆಣಸಿನಕಾಯಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಈ ಲೋಪ ತುಂಬುವ ಹೊಣೆ ಕೊಂಡ್ಲಹಳ್ಳಿಯ ಈ ಬಡ ಸಂಶೋಧಕನ ಮೇಲೆ ಬಿತ್ತು. ಮನೆಯಾಕೆ ಚೀಲ ಕೈಗಿಟ್ಟು ಚಳ್ಳಕೆರೆ ಬಸ್ಸು ಹತ್ತಿಸಿದಳು ಎಂದರೂ ಅದೇ ಅರ್ಥ. ಸಂಶೋಧನೆಗೆ ದೊರೆತ ಅನುದಾನ 300 ರೂಪಾಯಿ. ಮಿಕ್ಕ ಚಿಲ್ಲರೆಯನ್ನು ಅನುದಾನ ಮಂಡಳಿಗೆ ಹಿಂದಿರುಗಿಸತಕ್ಕದ್ದು.

ಮೊದಲು ಶಬ್ದನಿರ್ಣಯ. ಕನ್ನಡದಲ್ಲಿ ಕೊಸರು ಎಂದರೆ ತೂಗಿದ್ದರ ಮೇಲೆ ಹಾಕುವ ಚೂರು. ಹಿಡಿದ ಕೈ ಬಿಡಿಸಿಕೊಳ್ಳಲು ಒದ್ದಾಡುವುದೂ ಕೊಸರುವುದೇ, ಚೌಕಾಸಿಗೆ ನಿಂತವರದೂ ಕೊಸರಾಟವೇ. ಪಡೆಯುವ ಕ್ರಿಯೆಗೂ ಪಡೆದ ಫಲಕ್ಕೂ ಒಂದೇ ಮಾತು ಸಾಕೆಂದು ತಿಳಿದ ಭಾಷೆಗೆ ಸಂತೆಯ ಅನುಭವ ಚೆನ್ನಾಗಿಯೇ ಇದೆ. ನಮ್ಮೂರಿನ ಹೆಸರನ್ನೇ ನೋಡಿ: ಕೊಂಡ್ಲು, ಅಂದರೆ ಕೊಂಡಳು. ಯಾರೋ ಒಬ್ಬಳು ಏನನ್ನೋ ಕೊಂಡ ಹಳ್ಳಿಯೇ ಕೊಂಡ್ಲಹಳ್ಳಿ. ಈ ವ್ಯುತ್ಪತ್ತಿಯನ್ನು ಇದುವರೆಗೆ ಯಾರೂ ಒಪ್ಪಿಲ್ಲ, ನಮ್ಮ ಮನೆಯಲ್ಲೂ.

ಚಾರಿತ್ರಿಕ ಆಧಾರಗಳಿಗೆ ನಾವು ದೂರ ಹೋಗಬೇಕಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆಯೂ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಈ ಆಜ್ಞೆಯಲ್ಲಿ ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ ಎಂಬ ಉಪದೇಶವಿದೆ. ಚಕ್ರವರ್ತಿಯೊಬ್ಬ ಸತ್ಯ ನುಡಿಯಿರೆಂದು ಬಂಡೆಯ ಮೇಲೆ ಕೊರೆಸಬೇಕಾದರೆ ಹತ್ತಿರದಲ್ಲೆಲ್ಲೋ ಬದನೆಕಾಯಿ ಮಾರುತ್ತಿದ್ದರೆಂಬುದು ಸ್ವತಃಸಿದ್ಧ. ಇನ್ನೊಂದು ಸಾಕ್ಷ್ಯ. ಶಾಸನ ಬರೆದ ಚಪಡನೆಂಬ ಲಿಪಿಕಾರ ಉದ್ದಕ್ಕೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಒಂದು ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿಟ್ಟ. ಇಸಿಲದವರಿಗೆ ಅದು ಓದಲು ಬಂದಿರಲಾರದು. ಕುರಿ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುವವರನ್ನು ಕಂಡವರಿಗೆ ಚಪಡ ಯಾವ ಪರಂಪರೆಯವನೆಂದು ಬಿಡಿಸಿ ಹೇಳಬೇಕಿಲ್ಲ.

1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬ್ರಹ್ಮಗಿರಿಯಲ್ಲಿ ಅಗೆದು, ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರ ತೋರಿಸಿದರು: ಕೆಳಗೆ ನಯಗೊಳಿಸಿದ ಕಲ್ಲು ಕೊಡಲಿಯವರು, ನಡುವೆ ಬೃಹತ್ ಶಿಲಾ ಸಮಾಧಿಯವರು, ಮೇಲೆ ಆಂಧ್ರರು. ಆ ಪದ್ಧತಿಯನ್ನು ನಾನು ಚಳ್ಳಕೆರೆಯ ಟೊಮೆಟೊ ಗುಡ್ಡೆಗೆ ಅನ್ವಯಿಸಿದೆ. (ಗುಡ್ಡವೂ ಗುಡ್ಡೆಯೂ ಒಂದೇ ಮೂಲದವೆಂಬುದನ್ನು ಗಮನಿಸಿ.) ಮೇಲ್ಪದರ ಕೆಂಪಗೆ ಹೊಳೆಯುವ ಸುವರ್ಣಯುಗ. ಎರಡನೆಯದರಲ್ಲಿ ಹಸಿರು ಭುಜದವು. ತಳಪದರದಲ್ಲಿ ನಿಜಕ್ಕೂ ಸಮಾಧಿಗಳೇ ಸಿಕ್ಕವು. ಉತ್ಖನನ ಅಲ್ಲಿಗೆ ತಲುಪುವಷ್ಟರಲ್ಲಿ ಗುಡ್ಡೆಯ ಒಡೆಯ ನನ್ನ ಕೈ ಹಿಡಿದಿದ್ದ. ಕೊಸರಿಕೊಂಡೆ.

ಕಾನೂನಿನ ಅಧ್ಯಾಯ ಚಿಕ್ಕದು. 1956ರ ತೂಕ ಅಳತೆ ಕಾಯ್ದೆ ಬಂದು, 1958ರಿಂದ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಯಾಗಿ, ಸೇರು, ಪಾವು, ಚಟಾಕು ಲೆಕ್ಕದಿಂದ ಹೋದವು. ಗುಡ್ಡೆ, ಕಟ್ಟು, ಹಿಡಿ ಹೋಗಲಿಲ್ಲ. ಯಾರ ಹಿಡಿ ಎಂದು ಕಾಯ್ದೆ ಕೇಳಲಾರದು.

ಇನ್ನು ಕ್ಷೇತ್ರಕಾರ್ಯ. ಮಾಹಿತಿದಾರರು ಒಬ್ಬ ಅಜ್ಜಿ, ಗೋಣಿತಾಟಿನ ಮೇಲೆ ಕುಳಿತವರು.

“ಬದ್ನೇಕಾಯಿ ಎಂಗಜ್ಜಿ?”

“ಕಾಲ್ಕೇಜಿ ಹದಿನೈದು, ಸಾಮಿ.”

“ಅಲ್ಲಿ ಹತ್ತಕ್ಕೆ ಕೊಡ್ತಾರೆ.”

“ಅಲ್ಲೇ ತಗಳಪ್ಪ. ಹುಳ ಪುಕ್ಸಟ್ಟೆ.”

ಕೊಸರಿನಲ್ಲಿ ಸಜೀವ ಪ್ರಭೇದವೂ ಉಂಟೆಂದು ಟಿಪ್ಪಣಿ ಮಾಡಿಕೊಂಡೆ. ಹನ್ನೆರಡು ಎಂದೆ. ಅಜ್ಜಿ ಪಕ್ಕದಾಕೆಗೆ ತೆಲುಗಿನಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಆಚೆಗೆ ಆಂಧ್ರದ ರಾಯದುರ್ಗ ಇರುವ ನಮ್ಮ ಸೀಮೆಯಲ್ಲಿ ದರ ನಿಲ್ಲುವುದು ಕನ್ನಡದಲ್ಲಿ, ಗಿರಾಕಿಯ ತೂಕವಾಗುವುದು ತೆಲುಗಿನಲ್ಲಿ. “ಹಟ್ಟಿ ತಿಪ್ಪೇಶನಾಣೆಗೂ ನಂಗೇ ಹನ್ನೆಲ್ಡು ಬಿದ್ದೈತೆ. ಬೋಣಿ ಟೈಮು, ವಾಪಸ್ ಕಳಿಸ್ಬಾರ್ದು ಅಂತ ಹದಿಮೂರಕ್ಕೆ ಕೊಡ್ತೀನಿ.” ಗಂಟೆ ಆಗ ಹನ್ನೊಂದೂವರೆ. ಅಜ್ಜಿಯ ಮುಂದಿನ ಬುಟ್ಟಿ ಅರ್ಧ ಖಾಲಿಯಾಗಿತ್ತು. ಬೋಣಿ ಕಾಲಕ್ಕೆ ಸಂಬಂಧಿಸಿದ ಪದವಲ್ಲ, ಗಿರಾಕಿಯ ಮುಖಕ್ಕೆ ಸಂಬಂಧಿಸಿದ್ದೆಂದು ಸಿದ್ಧವಾಯಿತು.

ತಕ್ಕಡಿಯಿದ್ದ ಕಾಲದಲ್ಲಿ ತಟ್ಟೆ ನಮ್ಮ ಕಡೆ ಬಾಗುವುದೇ ಅರ್ಧ ಕೊಸರು. ಅಜ್ಜಿಯದು ಎಲೆಕ್ಟ್ರಾನಿಕ್ ಯಂತ್ರ, 250 ಎಂದರೆ 250. ಅಂಕಿ 262ಕ್ಕೆ ಹೋಯಿತು. ಅಜ್ಜಿ ಒಂದು ಪುಟ್ಟ ಕಾಯಿ ಎತ್ತಿಕೊಂಡರು, 241 ಆಯಿತು. ಯಂತ್ರವನ್ನೂ ನನ್ನನ್ನೂ ಒಮ್ಮೆ ನೋಡಿ ಅದೇ ಕಾಯಿಯನ್ನು ವಾಪಸು ಹಾಕಿ, ಮೇಲೆ ಎರಡು ಮೆಣಸಿನಕಾಯಿ ಎಸೆದರು. ನಾನು ಫೋನಿನಲ್ಲಿ ದುಡ್ಡು ಕಳಿಸಿದೆ. ಡಬ್ಬಿ ಹದಿಮೂರು ರೂಪಾಯಿ ಬಂತೆಂದು ಸಂತೆಗೆಲ್ಲ ಕೇಳುವಂತೆ ಕೂಗಿತು. ಮೆಣಸಿನಕಾಯಿಯ ಸುದ್ದಿ ಎತ್ತಲಿಲ್ಲ.

ಇಲ್ಲೊಂದು ದೈವಶಾಸ್ತ್ರದ ತೊಡಕಿದೆ. ಅಜ್ಜಿ ಆಣೆಯಿಟ್ಟ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ಕಟ್ಟುನಿಟ್ಟಾಗಿ ಓದಿದರೆ ಹದಿಮೂರು ರೂಪಾಯಿಗೆ ಹದಿಮೂರು ರೂಪಾಯಿಯ ಬದನೆ. ಕೊಸರಾದರೋ ಮಾಡದೆ ಇದ್ದುದಕ್ಕೆ ಸಿಗುವ ಭಿಕ್ಷೆ. ಎರಡನ್ನೂ ಹೊಂದಿಸುವುದು ಹೇಗೆಂದು ಅಜ್ಜಿಯನ್ನೇ ಕೇಳಿದೆ. “ಬಿಸ್ಲು ಅಡ್ಡ ನಿಂತಿದ್ಯಲ್ಲ, ಅದ್ಕೆ ಕೊಟ್ಟೆ. ಇನ್ ನಡಿ,” ಎಂದರು. ಪೂರ್ವಪಕ್ಷ ಅಲ್ಲಿಗೆ ಬಿದ್ದುಹೋಯಿತು.

ಪರಿಶೀಲನೆಗಾಗಿ ಪ್ರಬಂಧವನ್ನು ಚೀಲಸಮೇತ ಮನೆಯಲ್ಲಿ ಮಂಡಿಸಿದೆ. ಪರೀಕ್ಷಕಿ ಬದನೆಯ ತೊಟ್ಟು ನೋಡಿದಳು, ಟೊಮೆಟೊ ಒತ್ತಿದಳು, ಚೀಲ ತಲೆಕೆಳಗು ಮಾಡಿ ಕೊಡವಿದಳು.

“ಕರಿಬೇವು ಎಲ್ಲಿ?”

ಕೊಸರೆಂದರೆ ತೂಕದ ನಂತರ, ದುಡ್ಡಿನ ನಂತರ, ಕೇಳಿಯಾದರೂ ಪಡೆಯಬೇಕಾದದ್ದು ಎಂಬ ನನ್ನ ಲಕ್ಷಣವನ್ನು ವಿವರಿಸತೊಡಗಿದೆ. ಅವಳು ಚಪ್ಪಲಿ ಮೆಟ್ಟಿ ಹಿಂದಿನ ಮನೆಗೆ ಹೋದಳು. ಅವರ ಹಿತ್ತಲಲ್ಲಿ ಗಿಡವಿದೆ. ಗೋಡೆಯಾಚೆಯಿಂದ ಮಾತು ಕೇಳಿಸಿತು.

“ಒಂದು ಕಡ್ಡಿ ಸಾಕು ಕಣಕ್ಕ.”

“ಇನ್ನೊಂದೆಲ್ಡು ತಗ, ನಾಳೀಕ್ ಆಗುತ್ತೆ.”

ತೂಗಿರಲಿಲ್ಲ, ಕೊಂಡಿರಲಿಲ್ಲ. ನನ್ನ ಲಕ್ಷಣದ ಪುಟವನ್ನು ಮಡಚಿ, ಕರಿಬೇವು ಬಿಡಿಸಲು ಕುಳಿತೆ.