ಬೈಯಲು ಒಬ್ಬ ಬೇಕಲ್ಲ
ಕೇಬಲ್ ಕಿತ್ತು ಡಿಶ್ ಹಾಕಿಸುವವರು ಮೊದಲು ಹೇಳುವ ಕಾರಣ ಚಿತ್ರದ ಸ್ಪಷ್ಟತೆ. ಅದು ಹಳೆಯ ಮಾತು. 2013ರಲ್ಲೇ ಬೆಂಗಳೂರು, ಮೈಸೂರುಗಳ ಕೇಬಲ್ಲಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಎರಡರದ್ದೂ ಈಗ ಡಿಜಿಟಲ್ ಚಿತ್ರವೇ. ಹಣ ಉಳಿಯುತ್ತದೆ ಎನ್ನುವುದೂ ಅಷ್ಟಕ್ಕಷ್ಟೇ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಜಾರಿಯಾದ ಮೇಲೆ ಚಾನೆಲ್ಲಿನ ಗರಿಷ್ಠ ಬೆಲೆಯನ್ನು ಚಾನೆಲ್ಲಿನವರೇ ಗೊತ್ತುಮಾಡುತ್ತಾರೆ. ತಂತಿಯಲ್ಲಿ ಬಂದರೂ ಆಕಾಶದಿಂದ ಇಳಿದರೂ ಅತ್ತೆ-ಸೊಸೆ ಜಗಳಕ್ಕೆ ಅದೇ ದರ. ಹಾಗಾದರೆ ಬದಲಾಗುವುದೇನು? ಬೈಯಲು ಸಿಗುವ ಮನುಷ್ಯ. ಕೇಬಲ್ ಕೈಕೊಟ್ಟರೆ ಕೇಬಲ್ ಹುಡುಗನನ್ನು ಬೀದಿ ತಿರುವಿನಲ್ಲಿ ಹಿಡಿದು ದಬಾಯಿಸಬಹುದು. ಡಿಶ್ಶಿನ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಕೆಳಗೆ ಸಿಗುವುದು 'ಒಂದನ್ನು ಒತ್ತಿ' ಎನ್ನುವ ದನಿ. ಅದನ್ನು ಬೈದರೆ ಎರಡನ್ನು ಒತ್ತಿ ಎನ್ನುತ್ತದೆ.

ಮಲೆನಾಡಿನ ಒಂಟಿಮನೆಗೆ ತಂತಿ ಎಳೆಯುವವರಾರು ಎಂದು ಕೇಳಿದರೆ ಒಪ್ಪಲೇಬೇಕು, ಅಡಿಕೆ ತೋಟದ ನಡುವೆ ಡಿಶ್ಶೇ ಗತಿ. ಆದರೆ ಅದು ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಜೋರು ಮಳೆ ಹೀರಿ ಚದುರಿಸುತ್ತದೆ. ಆಗುಂಬೆಯ ಸೀಮೆಯಲ್ಲಿ, ಅಂಗಳಕ್ಕೂ ಕಾಲಿಡಲಾಗದ ಆಷಾಢದಲ್ಲಿ, ಟೀವಿ ಬಿಟ್ಟರೆ ಬೇರೆ ದಿಕ್ಕಿಲ್ಲ ಎನ್ನುವ ಹೊತ್ತಿಗೇ 'ಸಿಗ್ನಲ್ ಇಲ್ಲ'! ಕೇಬಲ್ಲೇನೂ ಸಾಚಾ ಅಲ್ಲ, ಮರದ ಕೊಂಬೆ ಬಿದ್ದರೆ ಅದೂ ಹೋಗುತ್ತದೆ. ಆದರೆ ಆಗ ಇಡೀ ಬೀದಿಯೇ ಬಾಗಿಲಿಗೆ ಬಂದು 'ನಿಮ್ಮಲ್ಲೂ ಹೋಯ್ತಾ?' ಎನ್ನುತ್ತದೆ.