ಡ್ರೇಕ್ ಜಲಸಂಧಿಯಲ್ಲಿ ಪಶ್ಚಿಮ ಬೆಂಗಳೂರಿನ ಹೊಟ್ಟೆ: ಒಂದು ಮೀಮಾಂಸೆ

ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿ ಕೂತು, ವೃಷಭಾವತಿಯನ್ನೇ ಜಲರಾಶಿಯೆಂದು ನಂಬಿಕೊಂಡು ಬಂದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಸೀಮೆಯ ಜನ ಅಂಟಾರ್ಕ್ಟಿಕಾ ಪ್ರವಾಸಕ್ಕೆ ಹೊರಟರೆ ಅವರ ಹೊಟ್ಟೆಯ ಗತಿಯೇನು? ವಿದ್ವಾಂಸರು ಈ ಪ್ರಶ್ನೆಯನ್ನು ಮುಟ್ಟಿಲ್ಲ. ಮುಟ್ಟಿದವರು ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಮೊದಲು ಪೂರ್ವಪಕ್ಷ. ಅಧ್ಯಯನಕ್ಕೆ ಒದಗಿದವರು ಬಸವೇಶ್ವರನಗರದ ಒಬ್ಬ ನಿವೃತ್ತ ಯಜಮಾನರು ಮತ್ತು ಅವರ ಮನೆಯವರು. ಯಜಮಾನರ ವಾದ ಇಷ್ಟು: ಬಿಟಿಎಸ್ ಕಾಲದಿಂದ ಮಾಗಡಿ ರಸ್ತೆಯ ಬಸ್ಸಿನಲ್ಲಿ ನಿಂತುಕೊಂಡೇ ಆಫೀಸಿಗೆ ಹೋಗಿಬಂದವನಿಗೆ ಅಲೆ ಯಾವ ಲೆಕ್ಕ? ಒಂದು ಕೈ ಸದಾ ಕಂಬಿಯ ಮೇಲೆ. ಹಡಗಿನವರು ಹೇಳಿಕೊಡುವ ಮೊದಲ ಪಾಠವೂ ಅದೇ. ಉಶುವಾಯ ಬಂದರು ಬಿಟ್ಟು ಬೀಗಲ್ ಕಾಲುವೆಯಲ್ಲಿ ಸಾಗುವಷ್ಟು ಹೊತ್ತೂ ಈ ವಾದಕ್ಕೆ ಯಾವ ಬಾಧೆಯೂ ಬರಲಿಲ್ಲ. ರಾತ್ರಿ ಊಟಕ್ಕೆ ಅವರು ಎರಡು ಸಲ ಸಿಹಿ ಹಾಕಿಸಿಕೊಂಡರು.

ಉತ್ತರಪಕ್ಷ ಬೆಳಗಿನ ಜಾವ ಬಂತು. ಕೇಪ್ ಹಾರ್ನ್‌ಗೂ ದಕ್ಷಿಣ ಶೆಟ್‌ಲ್ಯಾಂಡ್ ದ್ವೀಪಗಳಿಗೂ ನಡುವೆ ಸುಮಾರು 800 ಕಿಲೋಮೀಟರ್ ನೀರು; ಇದೇ ಡ್ರೇಕ್ ಜಲಸಂಧಿ. ಆ ಅಕ್ಷಾಂಶದಲ್ಲಿ ಭೂಮಿಯನ್ನು ಒಂದು ಸುತ್ತು ಬಂದರೂ ಗಾಳಿಗೆ ಅಡ್ಡ ನಿಲ್ಲುವ ನೆಲವಿಲ್ಲ. ಸೆಕೆಂಡಿಗೆ 10 ಕೋಟಿ ಘನಮೀಟರಿಗೂ ಮಿಕ್ಕಿದ ನೀರು ಪೂರ್ವಕ್ಕೆ ನುಗ್ಗುತ್ತದೆ; ಮಾಗಡಿ ರಸ್ತೆಯಲ್ಲಿ ಸಿಗ್ನಲ್ಲಾದರೂ ಇದೆ. ಕುರ್ಚಿಗಳನ್ನು ನೆಲಕ್ಕೆ ಸರಪಳಿಯಿಂದ ಬಿಗಿದಿದ್ದರು. ತಟ್ಟೆ ಜಾರದಿರಲೆಂದು ಮೇಜಿನ ಬಟ್ಟೆಯನ್ನು ಒದ್ದೆ ಮಾಡಿ ಹಾಸಿದ್ದರು. ಓಡಾಡುವ ದಾರಿಯ ಕಂಬಿಗಳಿಗೆ ಸಾಲಾಗಿ ಕಾಗದದ ಚೀಲ ಸಿಕ್ಕಿಸಿದ್ದರು. ಅದರ ವಿನಿಯೋಗವನ್ನು ಯಜಮಾನರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಕಾರಣದ ವಿಷಯದಲ್ಲಿ ಎರಡು ಸಂಪ್ರದಾಯಗಳುಂಟು. ಮನೆಯವರದು ಪಿತ್ತವಾದ: "ರೀ, ರಾತ್ರಿ ಅಷ್ಟು ತಿನ್ಬೇಡಿ ಅಂತ ಬಡ್ಕೊಂಡೆ. ಪಿತ್ತ ನೆತ್ತಿಗೇರಿದೆ. ಈ ಶುಂಠಿ ಅಗೀರಿ." ಹಡಗಿನ ವೈದ್ಯರದು ಕರ್ಣವಾದ: ಒಳಗಿವಿಯ ಮೂರು ಅರ್ಧವೃತ್ತ ನಾಳಗಳು 'ತೂಗುತ್ತಿದ್ದೇವೆ' ಅನ್ನುತ್ತವೆ, ಕೋಣೆಯ ಗೋಡೆ ನೋಡುವ ಕಣ್ಣು 'ಎಲ್ಲಿ?' ಅನ್ನುತ್ತದೆ, ಈ ವ್ಯಾಜ್ಯದ ದಂಡವನ್ನು ಹೊಟ್ಟೆ ಕಟ್ಟುತ್ತದೆ. ದಿಗಂತ ನೋಡಿ, ಕಿವಿಯ ಹಿಂದೆ ಅಂಟಿಸುವ ಔಷಧದ ಪಟ್ಟಿಯನ್ನು ಅಲೆ ಏಳುವ ಮೊದಲೇ ಹಚ್ಚಿಕೊಳ್ಳಿ. ಕೊನೆಗೆ ವೈದ್ಯರೂ ಶುಂಠಿ ಮಿಠಾಯಿಯನ್ನೇ ಕೈಗಿತ್ತಿದ್ದರಿಂದ ವಿವಾದ ಸಮನ್ವಯದಲ್ಲಿ ಮುಗಿಯಿತು.

ಇನ್ನು ಸಿದ್ಧಾಂತ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ತಳ್ಳುವ ಪಾಪಗಳ ಪಟ್ಟಿಯ ಮೊದಲಲ್ಲೇ ಇಟ್ಟು ಪ್ರಾಯಶ್ಚಿತ್ತವನ್ನೂ ವಿಧಿಸಿದೆ: ನಾಲ್ಕು ಹೊತ್ತಿಗೊಮ್ಮೆ ಸ್ವಲ್ಪವೇ ಉಣ್ಣಬೇಕು, ದಿನಕ್ಕೆ ಮೂರು ಸಲ ಮೀಯಬೇಕು, ಹಗಲು ನಿಂತು, ರಾತ್ರಿ ಕೂತು ಕಳೆಯಬೇಕು, ಹೀಗೆ ಮೂರು ವರ್ಷ. ಪಂಡಿತರು ಇದನ್ನು ದಂಡನೆ ಎಂದು ಓದಿದರು. ಇದು ಡ್ರೇಕ್‌ನ ದಿನಚರಿ ಎಂಬುದು ಪ್ರಸ್ತುತ ಲೇಖಕನ ನಿಲುವು. ಯಜಮಾನರು ನಾಲ್ಕು ಊಟದಲ್ಲಿ ಮೂರನ್ನು ಬಿಟ್ಟರು. ಹಗಲೆಲ್ಲ ಕಂಬಿ ಹಿಡಿದು ನಿಂತರು. ಮಲಗಿದರೆ ಉರುಳುವ ಭಯಕ್ಕೆ ರಾತ್ರಿ ಕೂತೇ ಇದ್ದರು. ಸ್ನಾನದ ವಿಧಿಯೊಂದು ನೆರವೇರಲಿಲ್ಲ. ಷವರಿನ ನೀರು ಒಂದು ಮೂಲೆಗೆ, ಅವರೊಂದು ಮೂಲೆಗೆ. ಅದನ್ನು ಬಿಟ್ಟರೆ ಪಾಪವೂ ಪ್ರಾಯಶ್ಚಿತ್ತವೂ ಒಂದೇ ಟಿಕೆಟ್ಟಿನಲ್ಲಿ.

ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೆ ಹೊತ್ತ ಹರಕೆ ಏನಾಯಿತು ಎಂದು ಆಕ್ಷೇಪಿಸುವವರಿದ್ದಾರೆ. ಉತ್ತರ ಸುಲಭ. ಆ ಸ್ವಾಮಿ ಕಡಲನ್ನು ಹಾರಿ ದಾಟಿದವನು, ಹಡಗಿನ ಅನುಭವ ಅವನಿಗಿಲ್ಲ. ಈಗಲೂ ಚಿಲಿಯ ಪುಂಟಾ ಅರೀನಾಸ್‌ನಿಂದ ಕಿಂಗ್ ಜಾರ್ಜ್ ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತುವ ಸ್ಥಿತಿವಂತರು ಹನುಮನ ಸಂಪ್ರದಾಯದವರೇ.

ಮೂರನೆಯ ದಿನ ಅಲೆ ತಗ್ಗಿತು. ಯಜಮಾನರು ಮೊದಲ ಹಿಮಗಡ್ಡೆಯನ್ನು ನೋಡಿ, ಉಪ್ಪಿಟ್ಟು ಸಿಗುತ್ತದೆಯೇ ಎಂದು ವಿಚಾರಿಸಿದರು. ಮನೆಯವರ ಪ್ರಶ್ನೆ ಶಾಸ್ತ್ರದೃಷ್ಟಿಯಿಂದ ಹೆಚ್ಚು ತೂಕದ್ದು: "ರೀ, ವಾಪಸ್ ಹೋಗೋದೂ ಇದೇ ದಾರೀಲಿ ತಾನೆ?" ಹೋಗಿಬರುವ ಟಿಕೆಟ್ಟಿಗೆ ಮೂರು ವರ್ಷವೋ ಆರು ವರ್ಷವೋ, ಬೌಧಾಯನರು ಹೇಳಿಲ್ಲ.